ಇಪ್ಪತ್ತು ವಾಕ್ಯಗಳ ಮುಂದೆ ಕುಳಿತ ಚಾಲಾಕಿ

ವ್ಯಕ್ತಿತ್ವವನ್ನು ಅಳೆಯುವ ಪಾಠ ಶುರುವಾದ ದಿನ ನನ್ನ ತರಗತಿಯ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂದೇ ಬರುತ್ತಿತ್ತು. ಕೇಳುವ ಹುಡುಗ ವರ್ಷ ವರ್ಷ ಬೇರೆ, ಪ್ರಶ್ನೆ ಮಾತ್ರ ಅದೇ. 'ಮೇಡಂ, ಕಳ್ಳನ ಕೈಗೇ ಪೇಪರ್ ಕೊಟ್ಟು ನೀನು ಕಳ್ಳನಾ ಅಂತ ಕೇಳಿದ್ರೆ ಹೌದು ಅಂತ ಬರೀತಾನಾ?' ಕ್ಲಾಸು ಗೊಳ್ಳೆನ್ನುತ್ತಿತ್ತು. ಮೈಸೂರಿನ ಪದವಿ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸಿ ನಿವೃತ್ತಳಾದವಳು ನಾನು. ಸಿಲಬಸ್ಸಿನಲ್ಲಿ ಅರ್ಧ ಪುಟವೂ ಇಲ್ಲದ ಆ ವಿಷಯಕ್ಕೆ ಇಡೀ ಪೀರಿಯಡ್ ಕೊಡುತ್ತಿದ್ದೆ. ಏಕೆಂದರೆ ಅದೇ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡವನೊಬ್ಬ ಅಮೆರಿಕದಲ್ಲಿದ್ದ, ಮತ್ತು ಅವನು ಕಂಡುಕೊಂಡ ಉತ್ತರ ಬಹಳ ಜಾಣತನದ್ದು.

ಅವನ ಹೆಸರು ರಿಚರ್ಡ್ ಕ್ರಿಸ್ಟಿ, ಕೊಲಂಬಿಯಾ ವಿಶ್ವವಿದ್ಯಾಲಯದ ಸಾಮಾಜಿಕ ಮನಶ್ಶಾಸ್ತ್ರಜ್ಞ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ಕ್ಷೇತ್ರದವರೆಲ್ಲ ಒಂದೇ ದಿಕ್ಕಿಗೆ ನೋಡುತ್ತಿದ್ದರು: ಹಿಟ್ಲರನಂಥವನ ಹಿಂದೆ ಕೋಟ್ಯಂತರ ಜನ ಕಣ್ಣುಮುಚ್ಚಿ ನಡೆದದ್ದು ಹೇಗೆ? 1950ರಲ್ಲಿ ಬಂದ 'ದಿ ಅಥಾರಿಟೇರಿಯನ್ ಪರ್ಸನಾಲಿಟಿ' ಎಂಬ ದಪ್ಪ ಗ್ರಂಥ ಹಿಂದೆ ನಡೆಯುವವರ ಮನಸ್ಸನ್ನು ಅಳೆಯಲು ಹೊರಟಿತ್ತು. ಕ್ರಿಸ್ಟಿಗೆ ಕುತೂಹಲ ಹುಟ್ಟಿದ್ದು ಇನ್ನೊಂದು ಕಡೆಯವರ ಬಗ್ಗೆ. ಎದುರಿನವರನ್ನು ದಾಳವಾಗಿಸಿಕೊಂಡು ಆಡುವವನ ತಲೆಯೊಳಗೆ ಏನಿರುತ್ತದೆ? 1954-55ರಲ್ಲಿ ಸ್ಟ್ಯಾನ್‌ಫರ್ಡ್ ಬಳಿಯ ಒಂದು ಅಧ್ಯಯನ ಕೇಂದ್ರದಲ್ಲಿ ಅವನಿಗೆ ಪಾಠವಿಲ್ಲದ, ಪರೀಕ್ಷೆಯಿಲ್ಲದ ಒಂದು ವರ್ಷ ಸಿಕ್ಕಿತು. ಆ ಬಿಡುವಿನಲ್ಲಿ ಅವನು ಅಧಿಕಾರದ ತಂತ್ರಗಳ ಬಗ್ಗೆ ಹಳಬರು ಬರೆದದ್ದನ್ನೆಲ್ಲ ಹುಡುಕಿ ಓದಿದ. ಚೀನಾದ ಶಾಂಗ್ ಪ್ರಭುವಿನ ಗ್ರಂಥ, ನಮ್ಮ ಕೌಟಿಲ್ಯನ ಅರ್ಥಶಾಸ್ತ್ರ, ಇಟಲಿಯ ಮೆಕಿಯಾವೆಲಿ.

ಇಲ್ಲಿಗೆ ಬಂದಾಗ ಕ್ಲಾಸಿನಲ್ಲಿ ಕಿಟಕಿಯಾಚೆ ಕೈ ತೋರಿಸುವುದು ನನ್ನ ಅಭ್ಯಾಸವಾಗಿತ್ತು. ಅರ್ಥಶಾಸ್ತ್ರ ಅಮೆರಿಕದ ಓದುಗನ ಕೈಗೆ ಸಿಕ್ಕಿದ್ದಕ್ಕೆ ಮೈಸೂರು ಕಾರಣ. ಇಲ್ಲಿನ ಪ್ರಾಚ್ಯ ಗ್ರಂಥಾಲಯಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಗ್ರಂಥಲಿಪಿಯ ತಾಳೆಗರಿಗಳಲ್ಲಿ ಅದನ್ನು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಅವರು ಸಂಸ್ಕೃತ ಪಾಠವನ್ನು ಅಚ್ಚು ಹಾಕಿಸಿದರು, 1915ರಲ್ಲಿ ಇಂಗ್ಲಿಷ್ ಅನುವಾದ ಹೊರಬಂತು. ಅಷ್ಟಿದ್ದೂ ಕ್ರಿಸ್ಟಿ ಕೊನೆಗೆ ಆರಿಸಿಕೊಂಡದ್ದು ಮೆಕಿಯಾವೆಲಿಯನ್ನು. ನನಗನ್ನಿಸುವ ಕಾರಣ ಇದು: ಕೌಟಿಲ್ಯ ರಾಜ್ಯ ನಡೆಸುವುದನ್ನು ಹೇಳುತ್ತಾನೆ, ಗೂಢಚಾರರು, ಸುಂಕ, ತೂಕ, ಅಳತೆ, ಆನೆ ಕಾಡು, ಎಲ್ಲಕ್ಕೂ ಒಂದು ಇಲಾಖೆ. ಮೆಕಿಯಾವೆಲಿ ಮಾತುಮಾತಿಗೆ ಮನುಷ್ಯರು ಎಂಥವರು ಎಂದು ತೀರ್ಪು ಕೊಡುತ್ತಾನೆ. ಒಪ್ಪುತ್ತೀರಾ, ಇಲ್ಲವಾ ಎಂದು ಕೇಳಲು ಅಂಥ ತೀರ್ಪುಗಳೇ ಅನುಕೂಲ.

ಪಾಪ, ಮೆಕಿಯಾವೆಲಿ ಸ್ವತಃ ಅಂಥ ಗಟ್ಟಿ ಆಟಗಾರನೇನಲ್ಲ. ಫ್ಲಾರೆನ್ಸಿನಲ್ಲಿ ಮೆಡಿಚಿ ಮನೆತನ ಅಧಿಕಾರಕ್ಕೆ ಮರಳಿದಾಗ ಕೆಲಸ ಕಳೆದುಕೊಂಡ, ಜೈಲಿಗೆ ಹೋದ, ಚಿತ್ರಹಿಂಸೆ ಉಂಡ. ಊರಾಚೆಯ ತೋಟದ ಮನೆಯಲ್ಲಿ ಕುಳಿತು 1513ರಲ್ಲಿ 'ದಿ ಪ್ರಿನ್ಸ್' ಬರೆದದ್ದೇ ಅದೇ ಮೆಡಿಚಿಗಳ ಕೃಪೆ ಸಿಗಲಿ ಎಂದು. ಬಯಸಿದ ಹುದ್ದೆ ಸಿಗಲಿಲ್ಲ. ಪುಸ್ತಕ ಅಚ್ಚಾದದ್ದು 1532ರಲ್ಲಿ, ಅವನು ಸತ್ತು ಐದು ವರ್ಷವಾದ ಮೇಲೆ.

ಕ್ರಿಸ್ಟಿ ಮತ್ತು ಅವನ ಜೊತೆಗಾರರು ಮೆಕಿಯಾವೆಲಿಯ ಬರಹದಿಂದ ಎತ್ತಿಕೊಂಡ, ಮತ್ತು ಅದೇ ಧಾಟಿಯಲ್ಲಿ ತಾವೇ ಕಟ್ಟಿದ 71 ವಾಕ್ಯಗಳನ್ನು ಕಾಲೇಜು ವಿದ್ಯಾರ್ಥಿಗಳ ಮುಂದಿಟ್ಟರು. ಇಡೀ ಪಟ್ಟಿಯಲ್ಲಿ ಹೆಚ್ಚು ಅಂಕ ಪಡೆದವರನ್ನೂ ಕಡಿಮೆ ಪಡೆದವರನ್ನೂ ಯಾವ ವಾಕ್ಯ ಚೆನ್ನಾಗಿ ಬೇರ್ಪಡಿಸುತ್ತದೋ ಅದು ಉಳಿಯಿತು, ಎಲ್ಲರೂ ಒಂದೇ ಉತ್ತರ ಕೊಟ್ಟ ವಾಕ್ಯ ಕಸದ ಬುಟ್ಟಿಗೆ ಹೋಯಿತು. ಸೋಸಿ ಸೋಸಿ ಉಳಿದ ಇಪ್ಪತ್ತಕ್ಕೆ 'ಮ್ಯಾಕ್-4' ಎಂದು ಹೆಸರು. ಹೀಗೆ ಉತ್ತರಗಳ ನಡುವಿನ ಹೊಂದಾಣಿಕೆಯಿಂದ ಕಣ್ಣಿಗೆ ಕಾಣದ ಗುಣವೊಂದನ್ನು ಊಹಿಸುವ ಗಣಿತಕ್ಕೆ ಅಡಿಪಾಯ ಹಾಕಿದವನು ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್. ಅವನ ಬಳಿ ಕಲಿತು ಬಂದು ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದವರು ಎಂ.ವಿ. ಗೋಪಾಲಸ್ವಾಮಿ. ಅವರ ಹೆಸರು ಹೇಳಿದರೆ ಜನಕ್ಕೆ ನೆನಪಾಗುವುದು ಮನಶ್ಶಾಸ್ತ್ರವಲ್ಲ, 1935ರಲ್ಲಿ ಅವರು ಮೈಸೂರಿನ ತಮ್ಮ ಮನೆಯಿಂದ ಶುರುಮಾಡಿದ 'ಆಕಾಶವಾಣಿ'. ಅದು ಇನ್ನೊಂದು ದಿನದ ಕಥೆ.

ಮ್ಯಾಕ್-4ರ ಲೆಕ್ಕ ಮಕ್ಕಳಾಟದಷ್ಟು ಸರಳ. ಪ್ರತಿ ವಾಕ್ಯಕ್ಕೂ ಒಂದರಿಂದ ಏಳರವರೆಗೆ ಅಂಕ: ಖಂಡಿತ ಒಪ್ಪುವುದಿಲ್ಲ ಎಂಬಲ್ಲಿಂದ ಖಂಡಿತ ಒಪ್ಪುತ್ತೇನೆ ಎಂಬವರೆಗೆ. ಇಪ್ಪತ್ತೂ ಕೂಡಿ, ಅದಕ್ಕೆ ಇನ್ನೂ ಇಪ್ಪತ್ತು ಸೇರಿಸಿದರೆ ಅತಿ ಕಡಿಮೆ ಅಂಕ 40, ಅತಿ ಹೆಚ್ಚು 160, ಅತ್ತಲೂ ಇಲ್ಲ ಇತ್ತಲೂ ಇಲ್ಲ ಎನ್ನುವವರಿಗೆ ಸರಿಯಾಗಿ 100. ಆ ಹೆಚ್ಚುವರಿ ಇಪ್ಪತ್ತು ನಡುಬಿಂದುವನ್ನು ನೂರಕ್ಕೆ ತರುವುದಕ್ಕಷ್ಟೇ. ಇಪ್ಪತ್ತರಲ್ಲಿ ಹತ್ತು ವಾಕ್ಯಗಳು ಮಾತ್ರ ಕುಟಿಲತೆಯ ಕಡೆ ವಾಲಿದವು. ಉಳಿದ ಹತ್ತು ಅದಕ್ಕೆ ವಿರುದ್ಧ, ಜನ ಸ್ವಭಾವತಃ ಒಳ್ಳೆಯವರು, ಸುಳ್ಳಿಗೆ ಎಂದೂ ಸಮರ್ಥನೆಯಿಲ್ಲ ಎಂಬ ಧಾಟಿಯವು. ಅವುಗಳಿಗೆ ಅಂಕವನ್ನು ತಿರುಗಿಸಿ ಹಾಕಬೇಕು. ಏನು ಕೇಳಿದರೂ ಹೂಂ ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ; ಅವರ ಹೂಂಗುಟ್ಟುವಿಕೆ ಎರಡೂ ಕಡೆ ಬಿದ್ದು ಪರಸ್ಪರ ಕಳೆದುಹೋಗಲಿ ಎಂಬ ಏರ್ಪಾಡು ಇದು. ಪ್ರಾಕ್ಟಿಕಲ್ಸ್ ರೆಕಾರ್ಡ್ ಬುಕ್ಕುಗಳಲ್ಲಿ ಪ್ರತಿವರ್ಷ ಕೆಂಪು ಇಂಕು ಹರಿಯುತ್ತಿದ್ದುದು ಈ ತಿರುಗಿಸುವ ಕೆಲಸದಲ್ಲೇ.

ಈಗ ಹಿಂದಿನ ಬೆಂಚಿನ ಪ್ರಶ್ನೆಗೆ ಬರೋಣ. ಕ್ರಿಸ್ಟಿಯ ಜಾಣತನ ಎಲ್ಲಿದೆಯೆಂದರೆ, ಆ ಹಾಳೆ ನೀನು ಮೋಸ ಮಾಡುತ್ತೀಯಾ ಎಂದು ಬಹುಪಾಲು ಕೇಳುವುದೇ ಇಲ್ಲ. ಲೋಕ ಹೇಗಿದೆ ಹೇಳು ಎನ್ನುತ್ತದೆ. ದೊಡ್ಡವರನ್ನು ಹೊಗಳುವುದು ವಿವೇಕವೇ, ಇನ್ನೊಬ್ಬರನ್ನು ಪೂರ್ತಿ ನಂಬಿದವರು ತೊಂದರೆಗೆ ಸಿಕ್ಕಿಕೊಳ್ಳುತ್ತಾರೆಯೇ, ಜನ ಒತ್ತಾಯವಿಲ್ಲದೆ ಕಷ್ಟಪಟ್ಟು ದುಡಿಯುತ್ತಾರೆಯೇ, ಹೀಗೆ. ಕಳ್ಳನನ್ನು ಕಳ್ಳನೇ ಎಂದು ಕೇಳಿದರೆ ಅವನು ಎಚ್ಚರಗೊಳ್ಳುತ್ತಾನೆ. ಊರಲ್ಲಿ ಎಷ್ಟು ಜನ ಕಳ್ಳರಿದ್ದಾರೆ ಎಂದು ಕೇಳಿ ನೋಡಿ, ಎಲ್ಲರೂ ಕಳ್ಳರೇ ಸ್ವಾಮಿ ಎಂದು ನಿರಾಳವಾಗಿ ಹೇಳುತ್ತಾನೆ. ಅವನ ಪ್ರಕಾರ ಅದು ತಪ್ಪೊಪ್ಪಿಗೆಯಲ್ಲ, ಲೋಕಾನುಭವ. ನಾಚಿಕೆಯೇ ಇಲ್ಲದ ಕಡೆ ಮುಚ್ಚಿಡಲು ಏನಿದೆ?

ಇಷ್ಟಾದ ಮೇಲೆ ಕ್ರಿಸ್ಟಿ ಮತ್ತು ಅವನ ಸಹೋದ್ಯೋಗಿ ಫ್ಲಾರೆನ್ಸ್ ಗೈಸ್ ಮುಂದೆ ದೊಡ್ಡ ಕೆಲಸ ಉಳಿದಿತ್ತು. ಹಾಳೆಯಲ್ಲಿ ಹೆಚ್ಚು ಅಂಕ ಬಂದವನು ನಿಜವಾಗಿ ಜನರನ್ನು ಆಡಿಸುತ್ತಾನೆಯೇ? ಅವರ ಪ್ರಯೋಗಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಹತ್ತು ಡಾಲರಿನ ಆಟ. ಮೇಜಿನ ಮೇಲೆ ಒಂದು ಡಾಲರಿನ ಹತ್ತು ನೋಟು, ಸುತ್ತ ಮೂವರು: ಒಬ್ಬನದು ಹೆಚ್ಚು ಅಂಕ, ಒಬ್ಬನದು ಮಧ್ಯಮ, ಒಬ್ಬನದು ಕಡಿಮೆ. ಯಾರಾದರೂ ಇಬ್ಬರು ಹಣವನ್ನು ತಮ್ಮಲ್ಲಿ ಹೇಗೆ ಹಂಚಿಕೊಳ್ಳಬೇಕೆಂದು ಒಪ್ಪಂದಕ್ಕೆ ಬಂದರೆ ಆಟ ಮುಗಿಯಿತು, ಮೂರನೆಯವನಿಗೆ ಸೊನ್ನೆ. ಒಪ್ಪಂದ ಮಾಡಿಕೊಳ್ಳಬಹುದು, ಮುರಿಯಬಹುದು, ಪಕ್ಕದವನಿಗೆ ಒಂದು ಡಾಲರು ಹೆಚ್ಚು ಕೊಡುತ್ತೇನೆಂದು ಆಸೆ ತೋರಿಸಬಹುದು. ಮೂವರೂ ಒಂದೇ ಸಮ ಆಟಗಾರರಾಗಿದ್ದರೆ ಸರಾಸರಿ ತಲಾ 3.33 ಡಾಲರ್ ಬರಬೇಕಿತ್ತು. ಬಂದದ್ದು, ಹೆಚ್ಚು ಅಂಕದವರಿಗೆ 5.57, ಮಧ್ಯಮದವರಿಗೆ 3.14, ಕಡಿಮೆಯವರಿಗೆ 1.29. ಆಡಿದ ತಂಡಗಳು ಏಳೇ ಏಳು, ಅದನ್ನು ಮರೆಯಬಾರದು. ಆದರೂ ಅಂಕಿಗಳು ಇಳಿಯುವ ಮೆಟ್ಟಿಲು ನೋಡಿ.

ನಾನೂ ಒಮ್ಮೆ ಹತ್ತು ಒಂದು ರೂಪಾಯಿ ನಾಣ್ಯಗಳನ್ನು ಲ್ಯಾಬಿನ ಮೇಜಿನ ಮೇಲೆ ಹರಡಿ ಮೂವರು ಹುಡುಗಿಯರನ್ನು ಕೂರಿಸಿದೆ. ಒಂದೇ ಹಾಸ್ಟೆಲ್ ರೂಮಿನ ಇಬ್ಬರು ನಾನು ನಿಯಮ ಹೇಳಿ ಮುಗಿಸುವ ಮೊದಲೇ ಐದೈದು ಎಂದು ಕೈಕುಲುಕಿಬಿಟ್ಟರು. ಮೂರನೆಯವಳು 'ಇದೇನ್ರೇ' ಎನ್ನುವಷ್ಟರಲ್ಲಿ ನಾಣ್ಯ ಪರ್ಸು ಸೇರಿದ್ದವು. ಮಧ್ಯಾಹ್ನ ಮೂವರೂ ಕ್ಯಾಂಟೀನಿನಲ್ಲಿ ಅದೇ ದುಡ್ಡಿನ ಜೊತೆ ಇನ್ನಷ್ಟು ಸೇರಿಸಿ ಚುರುಮುರಿ ತಿನ್ನುತ್ತಿದ್ದರು. ಸ್ನೇಹವಿರುವ ಕಡೆ ಈ ಪ್ರಯೋಗ ನಡೆಯುವುದಿಲ್ಲ ಎಂದು ರೆಕಾರ್ಡ್ ಬುಕ್ಕಿನಲ್ಲಿ ಬರೆಸಿದೆ.

ಗೈಸ್ ಮತ್ತು ಕ್ರಿಸ್ಟಿ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿ ಹೇಳಿದ್ದು ಇಷ್ಟು: ಎದುರುಬದುರು ಕುಳಿತಿರಬೇಕು, ನಿಯಮಗಳು ಸಡಿಲವಿದ್ದು ಅಲ್ಲಲ್ಲೇ ಉಪಾಯ ಹೂಡಲು ಜಾಗವಿರಬೇಕು, ಎದುರಿನವರ ಮನಸ್ಸು ಬೇರೆ ಭಾವನೆಗಳಲ್ಲಿ ಸಿಕ್ಕಿಕೊಂಡಿರಬೇಕು. ಆಗ ಮಾತ್ರ ಹೆಚ್ಚು ಅಂಕದವನು ಗೆಲ್ಲುತ್ತಾನೆ, ಏಕೆಂದರೆ ಅವನು ತಣ್ಣಗಿರುತ್ತಾನೆ. ಎಲ್ಲವೂ ಲಿಖಿತ ನಿಯಮದಂತೆ ನಡೆಯುವಲ್ಲಿ ಅವನೂ ನಮ್ಮಂತೆಯೇ. ಸರಕಾರಿ ಕಚೇರಿಯ ಕೆಲಸ ಬೇರೆ, ರಿಯಲ್ ಎಸ್ಟೇಟ್ ದಲ್ಲಾಳಿತನ ಬೇರೆ ಎಂದು ನಾನು ಮಕ್ಕಳಿಗೆ ವಿವರಿಸುತ್ತಿದ್ದೆ. ರಾಲ್ಫ್ ಎಕ್ಸ್‌ಲೈನ್ ಮತ್ತು ಸಂಗಡಿಗರದು ಇನ್ನೊಂದು ಪ್ರಯೋಗ. ಜೊತೆಯವನ ಕುಮ್ಮಕ್ಕಿನಿಂದ ಕಾಪಿ ಹೊಡೆಯುವ ಸಂದರ್ಭ ಹೂಡಿ, ಆಮೇಲೆ ಆರೋಪ ಹೊರಿಸಿ ವಿಚಾರಿಸಿದರು. ಹೆಚ್ಚು ಅಂಕದವರು ವಿಚಾರಿಸುವವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೂ ಹೆಚ್ಚು, ತಪ್ಪು ಒಪ್ಪಿಕೊಂಡದ್ದೂ ಕಡಿಮೆ. ಕಣ್ಣು ತಪ್ಪಿಸಿದವನೇ ಕಳ್ಳ ಎಂಬ ನಮ್ಮ ಹಳೇ ನಂಬಿಕೆಗೆ ಇದೊಂದು ಪೆಟ್ಟು. ಡೊರೋತಿಯಾ ಬ್ರಗಿನ್ಸ್ಕಿ ಎಂಬಾಕೆ ಹತ್ತು ವರ್ಷದ ಮಕ್ಕಳ ಮೇಲೂ ಇದನ್ನು ನೋಡಿದಳು: ಕ್ವಿನೈನ್ ಸವರಿದ ಕಹಿ ಬಿಸ್ಕತ್ತನ್ನು ಇನ್ನೊಂದು ಮಗುವಿಗೆ ಪುಸಲಾಯಿಸಿ ತಿನ್ನಿಸಿದರೆ ದುಡ್ಡು. ಅಲ್ಲೂ ಅಂಕ ಹೆಚ್ಚಿದ್ದ ಮಕ್ಕಳೇ ಮುಂದು. ಇಂದು ಯಾವ ನೈತಿಕ ಸಮಿತಿಯೂ ಅಂಥ ಪ್ರಯೋಗಕ್ಕೆ ಸುಲಭವಾಗಿ ಅನುಮತಿ ಕೊಡಲಾರದು. ಈ ಸಾಲಿನ ಸಂಶೋಧನೆಗಳೆಲ್ಲ 'ಸ್ಟಡೀಸ್ ಇನ್ ಮೆಕಿಯಾವೆಲಿಯನಿಸಂ' ಎಂಬ ಪುಸ್ತಕವಾಗಿ 1970ರಲ್ಲಿ ಬಂದವು. ಕುಟಿಲರೆಂದರೆ ಬುದ್ಧಿವಂತರು ಎಂಬ ಭ್ರಮೆಯನ್ನೂ ಸಂಶೋಧನೆ ಒಡೆದಿದೆ; ಈ ಅಂಕಕ್ಕೂ ಬುದ್ಧಿಮತ್ತೆಯ ಅಂಕಕ್ಕೂ ಹೇಳಿಕೊಳ್ಳುವಂಥ ಸಂಬಂಧ ಸಿಕ್ಕಿಲ್ಲ.

ಇಲ್ಲಿಯವರೆಗೆ ಹಾಳೆಯ ಪರ ವಾದಿಸಿದೆ. ಇನ್ನು ನನ್ನ ತಕರಾರು.

ಇಪ್ಪತ್ತರಲ್ಲಿ ಒಂದು ವಾಕ್ಯ 'ದಿ ಪ್ರಿನ್ಸ್'ನ ಹದಿನೇಳನೆಯ ಅಧ್ಯಾಯದಿಂದ ಇಳಿದದ್ದು. ಅಪ್ಪನ ಸಾವಿಗಿಂತ ಆಸ್ತಿ ಕಳೆದುಕೊಂಡದ್ದೇ ಜನರ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ ಎಂಬುದು ಅದರ ತಾತ್ಪರ್ಯ. ಹುಣಸೂರು ಕಡೆಯ ಒಬ್ಬ ಹುಡುಗ ಅದಕ್ಕೆ ಏಳು ಅಂಕ ಕೊಟ್ಟಿದ್ದ. ಯಾಕಪ್ಪಾ ಎಂದೆ. 'ತಾತನ ತಿಥಿಗೂ ಮುಂಚೆ ದೊಡ್ಡಪ್ಪ ಪಾಲು ಕೇಳಿದ್ರು ಮೇಡಂ. ಕೋರ್ಟಲ್ಲಿ ಇನ್ನೂ ನಡೀತಿದೆ' ಎಂದ. ತರಗತಿಯಲ್ಲಿ ಅವನಷ್ಟು ನಂಬಿಕಸ್ತ ಹುಡುಗ ಇನ್ನೊಬ್ಬನಿರಲಿಲ್ಲ, ಲ್ಯಾಬಿನ ಬೀಗದ ಕೈ ಅವನ ಬಳಿಯೇ ಇರುತ್ತಿತ್ತು. ಇನ್ನೊಂದು ವಾಕ್ಯ ವಾಸಿಯಾಗದ ಕಾಯಿಲೆಯವರಿಗೆ ನೋವಿಲ್ಲದ ಸಾವನ್ನು ಆರಿಸಿಕೊಳ್ಳುವ ಅವಕಾಶವಿರಬೇಕೇ ಎಂಬುದು. ಒಪ್ಪಿದರೆ ಅಂಕ ಏರುತ್ತದೆ. ಕ್ಯಾನ್ಸರಿನಲ್ಲಿ ನರಳಿದ ಅಜ್ಜಿಗೆ ಕೊನೆಯವರೆಗೆ ಗಂಜಿ ಕುಡಿಸಿದ ಹುಡುಗಿ ಕರುಣೆಯಿಂದ ಹೌದು ಎಂದಳು, ಹಾಳೆಯ ಲೆಕ್ಕದಲ್ಲಿ ಕುಟಿಲಳಾದಳು. ಹತ್ತೊಂಬತ್ತನೇ ಶತಮಾನದ ಅಮೆರಿಕದ ಸರ್ಕಸ್ ಮಾಲೀಕ ಬಾರ್ನಮ್‌ನ ಹೆಸರೆತ್ತುವ ವಾಕ್ಯವೂ ಒಂದಿದೆ. ನಮ್ಮ ಮಕ್ಕಳು ಅದರ ತಲೆಬುಡ ತಿಳಿಯದೆ ಸುಮ್ಮನೆ ನಾಲ್ಕು ಹಾಕುತ್ತಿದ್ದರು.

ಮುಖ್ಯ ಮಾತೇನೆಂದರೆ, ಜನ ಕೆಟ್ಟವರು ಎಂಬ ತೀರ್ಮಾನಕ್ಕೆ ಎರಡು ದಾರಿಗಳಿಂದ ಬರಬಹುದು. ಮೋಸ ಮಾಡಿದವನೂ ಮೋಸ ಹೋದವನೂ ಒಂದೇ ಅಂಕಿಗೆ ಗುಂಡು ಸುತ್ತಬಹುದು. ಹಾಳೆಗೆ ಕಾಣುವುದು ಗುಂಡು ಮಾತ್ರ. ಸಂಶೋಧಕರಿಗೂ ಈ ಕಸಿವಿಸಿ ಇದ್ದೇ ಇದೆ. 2009ರಲ್ಲಿ ಡಾಲಿಂಗ್, ವಿಟೇಕರ್ ಮತ್ತು ಲೆವಿ ರಚಿಸಿದ 16 ವಾಕ್ಯಗಳ ಹೊಸ ಮಾಪನಿ ನೀತಿಯ ಹಂಗಿಲ್ಲದಿರುವುದು, ಹಿಡಿತದ ಆಸೆ, ಅಂತಸ್ತಿನ ಆಸೆ, ಇತರರ ಮೇಲಿನ ಅಪನಂಬಿಕೆ ಎಂದು ನಾಲ್ಕನ್ನು ಬೇರೆ ಬೇರೆಯಾಗಿಯೇ ಎಣಿಸಿತು. ಅಪನಂಬಿಕೆಯೊಂದರಲ್ಲೇ ಅಂಕ ಏರಿದ ನಮ್ಮ ಹುಣಸೂರಿನ ಹುಡುಗ ಅಲ್ಲಾದರೆ ಸ್ವಲ್ಪ ನ್ಯಾಯ ಪಡೆಯುತ್ತಿದ್ದನೇನೋ.

ಇನ್ನು ಬೇಕೆಂದೇ ಸುಳ್ಳು ಬರೆಯುವವರು. ಒಳ್ಳೆಯವರಾಗಿ ಕಾಣುವ ಆಸೆ ಎಲ್ಲರಿಗೂ ಇರುವುದರಿಂದ ಅದನ್ನೇ ಅಳೆಯಲು 1960ರಲ್ಲಿ ಕ್ರೌನ್ ಮತ್ತು ಮಾರ್ಲೋ 33 ವಾಕ್ಯಗಳ ಪಟ್ಟಿ ಮಾಡಿದರು. ಅವುಗಳಲ್ಲಿ ಕೆಲವು ಮನುಷ್ಯಮಾತ್ರದವರಿಂದ ಸಾಧ್ಯವಿಲ್ಲದಷ್ಟು ಸಜ್ಜನಿಕೆಯನ್ನು ವರ್ಣಿಸುತ್ತವೆ, ಉಳಿದವು ಎಲ್ಲರಲ್ಲೂ ಇರುವ ಸಣ್ಣಪುಟ್ಟ ದೋಷಗಳನ್ನು. ಮೊದಲಿನವಕ್ಕೆಲ್ಲ ಹೌದು, ಎರಡನೆಯವಕ್ಕೆಲ್ಲ ಇಲ್ಲ ಎಂದವರ ಮೇಲೆ ಅನುಮಾನ ಬರುತ್ತದೆ. ಕ್ರಿಸ್ಟಿ ತಾನೇ ಮ್ಯಾಕ್-5 ಎಂಬ ಇನ್ನೊಂದು ರೂಪ ತಂದ. ಅದರಲ್ಲಿ ಮೂರು ಮೂರು ವಾಕ್ಯಗಳ ಗುಂಪು, ಅವುಗಳಲ್ಲಿ ತನಗೆ ಹೆಚ್ಚು ಒಪ್ಪುವುದನ್ನೂ ಕಡಿಮೆ ಒಪ್ಪುವುದನ್ನೂ ಆರಿಸಬೇಕು. ಕುಟಿಲ ವಾಕ್ಯದ ಜೊತೆಗೆ ಅಷ್ಟೇ ಮುಜುಗರದ, ಆದರೆ ವಿಷಯಕ್ಕೆ ಸಂಬಂಧವಿಲ್ಲದ ವಾಕ್ಯವೊಂದನ್ನು ಇಟ್ಟಿದ್ದರಿಂದ ಸಭ್ಯತೆಯ ಮುಸುಕು ಹಾಕುವುದು ಕಷ್ಟ. ಜಾಣ ಏರ್ಪಾಡೇ, ಆದರೆ ಅಂಕ ಹಾಕುವವರ ಪ್ರಾಣ ಹಿಂಡುತ್ತದೆ. ಹೀಗಾಗಿ ಇಂದಿಗೂ ಜನ ಬಳಸುವುದು ಹೆಚ್ಚಾಗಿ ಮ್ಯಾಕ್-4ನ್ನೇ.

2002ರಲ್ಲಿ ಕೆನಡಾದ ಡೆಲ್ರಾಯ್ ಪೌಲಸ್ ಮತ್ತು ಕೆವಿನ್ ವಿಲಿಯಮ್ಸ್ ಮೆಕಿಯಾವೆಲಿತನವನ್ನು ಆತ್ಮರತಿ ಮತ್ತು ಸೈಕೋಪತಿಯ (ಅನುಕಂಪವಿಲ್ಲದ ದುಡುಕುತನದ) ಜೊತೆ ಕೂಡಿಸಿ 'ಡಾರ್ಕ್ ಟ್ರಯಾಡ್' ಎಂದು ಕರೆದರು. ಹೆಸರು ಸಿನಿಮಾದಂತಿತ್ತು, ಓಡಿತು. ಈ ಮೂರನ್ನೂ ಒಟ್ಟಿಗೆ ಅಳೆಯಲು 2010ರಲ್ಲಿ ಹನ್ನೆರಡು ವಾಕ್ಯಗಳ 'ಡರ್ಟಿ ಡಜನ್', 2014ರಲ್ಲಿ 27 ವಾಕ್ಯಗಳ ಇನ್ನೊಂದು ಬಂದವು. ಡರ್ಟಿ ಡಜನ್‌ನಲ್ಲಂತೂ ಪ್ರತಿ ಗುಣಕ್ಕೆ ನಾಲ್ಕೇ ವಾಕ್ಯ, ಎರಡು ನಿಮಿಷದ ಕೆಲಸ. ಸಾವಿರಾರು ಜನರ ಸಮೀಕ್ಷೆಗೆ ಅದು ವರದಾನ, ಮೊಬೈಲಿನಲ್ಲಿ ಬೆರಳಾಡಿಸುತ್ತ ತನ್ನ ಬಾಸು ಯಾವ ಜಾತಿಯ ದುಷ್ಟನೆಂದು ಪತ್ತೆಹಚ್ಚುವವರಿಗೆ ಮನರಂಜನೆ. ಮೆಕಿಯಾವೆಲಿತನ ಅಳೆಯುತ್ತೇವೆನ್ನುವ ಈ ಹಾಳೆಗಳು ನಿಜಕ್ಕೂ ಅಳೆಯುತ್ತಿರುವುದು ಸೈಕೋಪತಿಯನ್ನೇ ಎಂದು ಡೊನಾಲ್ಡ್ ಲೈನಮ್, ಜೋಶುವಾ ಮಿಲ್ಲರ್ ಮೊದಲಾದವರು ಗಟ್ಟಿಯಾಗಿ ವಾದಿಸುತ್ತಾರೆ. ಕಾದು ಕುಳಿತು ಹೊಂಚುವವನಿಗೂ ದುಡುಕುವವನಿಗೂ ಒಂದೇ ಅಂಕ ಬಂದರೆ ಅವರ ವಾದದಲ್ಲಿ ಹುರುಳಿದೆ ಎನ್ನಬೇಕಾಗುತ್ತದೆ.

ಇದರ ಪಕ್ಕದಲ್ಲಿ ರಾಬರ್ಟ್ ಹೇರ್‌ನ ಸೈಕೋಪತಿ ಪಟ್ಟಿಯನ್ನಿಟ್ಟು ನೋಡಬೇಕು. ಅಲ್ಲೂ ಅಂಶಗಳು ಇಪ್ಪತ್ತೇ, ಒಂದೊಂದಕ್ಕೂ 0, 1 ಅಥವಾ 2, ಒಟ್ಟು 40. ಆದರೆ ಅದನ್ನು ತುಂಬುವವನು ಪರೀಕ್ಷೆಗೊಳಗಾದ ಖೈದಿಯಲ್ಲ. ತರಬೇತಾದ ತಜ್ಞ ದೀರ್ಘ ಸಂದರ್ಶನ ಮಾಡಿ, ಪೊಲೀಸ್, ಜೈಲು, ಶಾಲೆಯ ದಾಖಲೆಗಳನ್ನು ಓದಿ ತುಂಬುತ್ತಾನೆ. ಆಡಿದ ಮಾತಿಗೂ ಕಡತಕ್ಕೂ ತಾಳೆಯಾಗದಿದ್ದರೆ ಅದೂ ಒಂದು ಸುಳಿವು.

ನಿವೃತ್ತಿಯ ನಂತರ ಈ ವಿದ್ಯೆಗೆ ನಮ್ಮ ಮನೆಯಲ್ಲೇ ಗಿರಾಕಿ ಬಂದಳು. ನನ್ನ ನಾದಿನಿ. ಮಗಳಿಗೆ ಬೆಂಗಳೂರಿನ ಒಂದು ಸಂಬಂಧ ಬಂದಿತ್ತು. ಹುಡುಗ ಬಹಳ ನಯವಾಗಿ ಮಾತಾಡುತ್ತಾನೆ, ಅದೇ ಅವಳ ಭಯ.

'ಅತ್ತಿಗೆ, ನಿಮ್ಮ ಹತ್ರ ಅದೇನೋ ಟೆಸ್ಟ್ ಇದೆಯಲ್ಲ, ಹುಡುಗನ ಕೈಲಿ ತುಂಬಿಸಿಬಿಡೋಣ್ವಾ?'

'ತುಂಬಿಸಬಹುದು ಕಣೇ. ಅಳಿಯ ಆಗೋಕೆ ಬಂದವನು ಏನು ಬರೀತಾನೆ ಅಂತ ನೀನೇ ಹೇಳು' ಎಂದೆ.

ಅವಳು ಬಿಡಲಿಲ್ಲ. ಆಗ ಪೆನ್ನು ಹಾಳೆ ತೆಗೆದುಕೊಂಡು ಕುಳಿತೆ. ಮ್ಯಾಕ್-4ರ ವಿಶ್ವಾಸಾರ್ಹತೆ, ಅಂದರೆ ಅದರ ಅಂಕ ಎಷ್ಟರಮಟ್ಟಿಗೆ ಗಟ್ಟಿ ಎನ್ನುವುದು, ಸಾಧಾರಣವಾಗಿ 0.7ರಿಂದ 0.8ರ ಆಸುಪಾಸು. 0.75 ಎಂದಿಟ್ಟುಕೊಳ್ಳೋಣ, ಜನರ ಅಂಕಗಳ ಹರಡುವಿಕೆ 15 ಎಂದಿಟ್ಟುಕೊಳ್ಳೋಣ. ಲೆಕ್ಕ ಹಾಕಿದರೆ ಒಬ್ಬನ ಅಂಕದಲ್ಲಿ ಏಳೂವರೆಯಷ್ಟು ತಪ್ಪು ಸಹಜ. ಅದರ ಎರಡರಷ್ಟನ್ನು ಅತ್ತಿತ್ತ ಬಿಟ್ಟುಕೊಂಡರೆ, ಹುಡುಗನಿಗೆ 104 ಬಂದಾಗ ಅವನ ನಿಜವಾದ ಅಂಕ 89ರಿಂದ 119ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಐನೂರು ಜನರ ಸರಾಸರಿಯಲ್ಲಿ ಈ ಏರಿಳಿತ ಮುಳುಗಿಹೋಗುತ್ತದೆ, ಅದಕ್ಕೇ ಸಂಶೋಧನೆಗೆ ಅದು ಸಾಕು. ಒಬ್ಬನ ಮೇಲೆ ತೀರ್ಪು ಕೊಡುವುದೆಂದರೆ ಮಂಡಿಯಲ್ಲಿ ಮೂಟೆ ತೂಗುವ ತಕ್ಕಡಿಯಲ್ಲಿ ಮಾಂಗಲ್ಯದ ಚಿನ್ನ ತೂಗಿದಂತೆ. ನೇಮಕಾತಿಗೆ ಇಂಥ ಹಾಳೆಗಳನ್ನು ಕೊಡುವ ಕಂಪನಿಗಳೂ ಇದನ್ನು ಯೋಚಿಸಬೇಕು. 1951ರಿಂದ 2011ರವರೆಗಿನ ಅಧ್ಯಯನಗಳನ್ನು, 43,907 ಜನರ ಮಾಹಿತಿಯನ್ನು, ಒಟ್ಟುಗೂಡಿಸಿ ಅರ್ನೆಸ್ಟ್ ಒಬಾಯ್ಲ್ ಮತ್ತು ಸಂಗಡಿಗರು 2012ರಲ್ಲಿ ನೋಡಿದಾಗ ಮೆಕಿಯಾವೆಲಿತನಕ್ಕೂ ಕೆಲಸದ ಗುಣಮಟ್ಟಕ್ಕೂ ಕಂಡ ಸಂಬಂಧ ತೀರಾ ಸಣ್ಣದು.

'ಹಾಗಾದ್ರೆ ತಿಳ್ಕೊಳ್ಳೋದು ಹೇಗೆ?' ಎಂದಳು.

ಹೇರ್‌ನ ದಾರಿ ಹಿಡಿ ಎಂದೆ. ಹುಡುಗನನ್ನು ಕೇಳಬೇಡ, ಅವನ ಬಗ್ಗೆ ಬೇರೆಯವರನ್ನು ಕೇಳು. ಅವನಿಂದ ಯಾವ ಲಾಭವೂ ಇಲ್ಲದವರು, ಅವನಿಗೆ ತಮ್ಮಿಂದ ಯಾವ ಲಾಭವೂ ಇಲ್ಲದವರು ಏನು ಹೇಳುತ್ತಾರೆ ನೋಡು. ಬಿಟ್ಟುಬಂದ ಬಾಡಿಗೆ ಮನೆಯ ಓನರ್, ಹಳೇ ರೂಮ್‌ಮೇಟು, ಅಪಾರ್ಟ್‌ಮೆಂಟಿನ ವಾಚ್‌ಮನ್, ಕೆಲಸ ಬಿಟ್ಟ ಕಂಪನಿಯಲ್ಲಿ ಅವನ ಕೈಕೆಳಗಿದ್ದವರು. ಒಬ್ಬರ ಮಾತು ನಂಬಬೇಡ, ನಾಲ್ಕು ಜನರ ಮಾತು ಒಂದಕ್ಕೊಂದು ಕೂಡುತ್ತದೆಯೇ ನೋಡು. ನಮ್ಮ ಶಾಸ್ತ್ರದಲ್ಲೂ ಇದು ಒಪ್ಪಿತ ವಿಧಾನ, ಪರಿಚಿತರ ಹೇಳಿಕೆಗಳನ್ನು ಸಂಗ್ರಹಿಸಿ ಸ್ವಂತ ಹೇಳಿಕೆಯ ಜೊತೆ ತಾಳೆ ನೋಡುತ್ತಾರೆ.

ಅವಳು ನನ್ನ ಲೆಕ್ಕದ ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. 'ಎಂ.ಎ. ಮಾಡದೇ ನಮ್ಮಪ್ಪನೂ ಇದನ್ನೇ ಹೇಳ್ತಿದ್ರಲ್ಲ ಅತ್ತಿಗೆ. ನಿಮ್ಮ ಸಂಬಂಧ ಬಂದಾಗ ನಿಮ್ಮ ಬೀದಿಯ ಹಾಲಿನವನ್ನ ಕೇಳ್ಕೊಂಡು ಬಂದಿದ್ರು' ಎಂದಳು.

ಹಾಲಿನವನು ಏನು ಹೇಳಿದ್ದನೆಂದು ನಾನು ಕೇಳಲಿಲ್ಲ.